ದೊಡ್ಡ ಪರದೆಯ ಫೋನಿಗೇ ಬೇಡಿಕೆ ಏಕೆ?

ಪ್ರಶ್ನೆ: ಕಿಸೆಯಲ್ಲಿ ಹಿಡಿಸದಿದ್ದರೂ ಜನ ದೊಡ್ಡ ಪರದೆಯ ಮೊಬೈಲನ್ನೇ ಕೊಳ್ಳುವುದೇಕೆ?

ಉತ್ತರ: 2007ರ ಮೊದಲ ಐಫೋನಿನ ಪರದೆ 3.5 ಇಂಚು ಮಾತ್ರವಿದ್ದು, 2011ರಲ್ಲಿ 5.3 ಇಂಚಿನ ಗ್ಯಾಲಕ್ಸಿ ನೋಟ್ ಬಂದಾಗ ಹಲವರು ಅದನ್ನು ಗೇಲಿ ಮಾಡಿದ್ದರು. ಇಂದು ಆರೂವರೆ ಇಂಚು ಸಾಮಾನ್ಯವೆನಿಸಿದೆ. ಈ ಅಳತೆ ಪರದೆಯ ಕರ್ಣದ್ದು, ಅಂದರೆ ಒಂದು ಮೂಲೆಯಿಂದ ಎದುರು ಮೂಲೆಗಿರುವ ದೂರದ್ದು. ಆದ್ದರಿಂದ ಸಂಖ್ಯೆ ಹಿಗ್ಗಿದಷ್ಟು ಅಗಲ ಹಿಗ್ಗಿಲ್ಲ. ಉದ್ದ-ಅಗಲಗಳ ಅನುಪಾತ 16:9 ಇದ್ದ 5.5 ಇಂಚಿನ ಪರದೆಯೂ 20:9 ಅನುಪಾತದ 6.5 ಇಂಚಿನ ಪರದೆಯೂ ಅಗಲದಲ್ಲಿ ಸುಮಾರು 6.8 ಸೆಂಟಿಮೀಟರೇ. ಬೆಳೆದದ್ದು ಉದ್ದ.

ಬಾಬಾಬುಡನ್‌ಗಿರಿಯ ತಪ್ಪಲಿನ ಕಾಫಿ ಬೆಳೆಗಾರರಿಗೆ ಈ ಉದ್ದ ಬರಿಯ ಶೋಕಿಯಲ್ಲ. ಅರೇಬಿಕಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರ್ರಿಗಳ 50 ಕಿಲೋ ಮೂಟೆಯ ದರಪಟ್ಟಿ, ಪಹಣಿಯ ಸಣ್ಣಕ್ಷರ, ಮಳೆಯ ಮುನ್ಸೂಚನೆಗಳೆಲ್ಲ ಫೋನಿನಲ್ಲೇ ಸಿಗುವಾಗ, ಚಾಳೀಸು ಬಂದ ಕಣ್ಣಿಗೂ ಅಡಿಯಲ್ಲಿ ಒತ್ತಕ್ಷರ ಹೊತ್ತ ಕನ್ನಡ ಲಿಪಿಗೂ ಹೆಚ್ಚು ಜಾಗ ಬೇಕು. ಎಲೆಯಡಿಯ ತುಕ್ಕುರೋಗದ ಕಿತ್ತಳೆ ಹುಡಿಯ ಚಿತ್ರ ತೆಗೆದು ಹಿಗ್ಗಿಸಿ ನೋಡಲೂ ಅದೇ ಅನುಕೂಲ. ಆದರೆ ದೊಡ್ಡ ಪರದೆ ಹೆಚ್ಚು ವಿದ್ಯುತ್ತನ್ನೂ ಬೇಡುತ್ತದೆ. ಮಳೆಗಾಲದಲ್ಲಿ ಪದೇ ಪದೇ ಕರೆಂಟು ಹೋಗುವ ಮಲೆನಾಡಿನವರು ಕೊಳ್ಳುವಾಗ ಇಂಚಿನೊಡನೆ ಬ್ಯಾಟರಿಯ ಸಾಮರ್ಥ್ಯವನ್ನೂ ವಿಚಾರಿಸುವುದು ಲೇಸು.