ಗೋಡೆಗೆ ತೂಗಿದ ಗಿಟಾರು

ಮಾಗಡಿ ತಾಲ್ಲೂಕಿನ ಸಾವನದುರ್ಗದ ತಪ್ಪಲಿನಲ್ಲಿ ವೀರಭದ್ರಸ್ವಾಮಿಯ ದರ್ಶನ ಪಡೆದು ನಾವು ಹೊರಬಂದಾಗ, ಮರದ ನೆರಳಿನಲ್ಲಿ ತರುಣರು ಕೆಲವರು ಗಿಟಾರು ಶ್ರುತಿಮಾಡುತ್ತಿದ್ದರು. ಅವರಲ್ಲೊಬ್ಬನ ಮನೆಯಲ್ಲಿ ನಾಲ್ಕು ಗಿಟಾರುಗಳಿವೆಯಂತೆ; ಪೂರ್ಣವಾಗಿ ನುಡಿಸಬಲ್ಲ ಹಾಡು ಮಾತ್ರ ಒಂದೂ ಇಲ್ಲವೆಂದು ತಾನೇ ನಕ್ಕನು. ಆ ನಗೆ ನಮ್ಮನ್ನು ಯೋಚನೆಗೆ ಹಚ್ಚಿತು.

ಗಿಟಾರು ಪರದೇಶದ್ದೆಂದು ಹಿರಿಯರು ಮುನಿಯಬೇಕಾಗಿಲ್ಲ. ಅದರಲ್ಲಿ ನಮ್ಮ ರಾಗಗಳೂ ಮೂಡಬಲ್ಲವು. ಪಂಡಿತ ವಿಶ್ವಮೋಹನ ಭಟ್ಟರು ಅದನ್ನು ಮಾರ್ಪಡಿಸಿ ಮೋಹನವೀಣೆಯನ್ನು ರೂಪಿಸಿದರು. ಅಮೆರಿಕದ ರೈ ಕೂಡರ್ ಅವರೊಡನೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆದರು. ಆದರೆ ವಾದ್ಯವನ್ನು ಕೊಳ್ಳುವುದು ಒಂದು ದಿನದ ಕೆಲಸ. ಒಲಿಸಿಕೊಳ್ಳುವುದು ವರ್ಷಗಳ ಸಾಧನೆ. ಮೊದಲ ವಾರಗಳಲ್ಲಿ ತಂತಿಯೊತ್ತಿದ ಬೆರಳ ತುದಿ ನೋಯುತ್ತದೆ. ಅಲ್ಲಿನ ಚರ್ಮ ಗಟ್ಟಿಯಾಗುವ ಮುನ್ನವೇ ಹಲವರು ವಾದ್ಯವನ್ನು ಗೋಡೆಗೆ ತೂಗುಹಾಕಿ, ಇನ್ನೊಂದನ್ನು ಅರಸುತ್ತಾರೆ.

ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಡಿತ ಪುಟ್ಟರಾಜ ಗವಾಯಿಗಳವರು (1914–2010) ದೃಷ್ಟಿಯಿಲ್ಲದಿದ್ದರೂ ಹಾರ್ಮೋನಿಯಂ, ಸಾರಂಗಿ, ಪಿಟೀಲು, ತಬಲಾ ಮೊದಲಾದ ಹಲವು ವಾದ್ಯಗಳನ್ನು ಕರಗತಮಾಡಿಕೊಂಡಿದ್ದರು. ಅವರ ಸಂಗ್ರಹವೆಲ್ಲ ಬೆರಳುಗಳಲ್ಲಿತ್ತು.

ಮಗನೋ ಮಗಳೋ ಎರಡನೆಯ ಗಿಟಾರಿಗೆ ಆಸೆಪಟ್ಟರೆ ಗದರುವುದು ಬೇಡ. ಮೊದಲನೆಯದರಲ್ಲಿ ಒಂದು ಹಾಡನ್ನು ಕೊನೆಯವರೆಗೆ ನುಡಿಸುವಂತೆ ಹೇಳಿ, ಮನೆಮಂದಿಯೆಲ್ಲ ಕುಳಿತು ಕೇಳೋಣ.