ಗೆದ್ದ ಮೇಲೆ ಬಂದ ಕ್ಯಾಮೆರಾ

ಭಾರತದ ಪಂದ್ಯ ಇರುವ ದಿನ ಆದೋನಿಯ ಎಷ್ಟೋ ಮನೆಗಳಲ್ಲಿ ರಿಮೋಟ್‌ಗಾಗಿ ಜಗಳ. ಹಿರಿಯರಿಗೆ ಕನ್ನಡ ಕಾಮೆಂಟರಿ ಬೇಕು, ತೆಲುಗು ಶಾಲೆಗೆ ಹೋಗುವ ಮಕ್ಕಳಿಗೆ ತೆಲುಗು ಬೇಕು. ಸ್ಟಾರ್ ಸ್ಪೋರ್ಟ್ಸ್ 2018ರ ಕೊನೆಗೆ ಈ ಎರಡು ಭಾಷೆಗಳಿಗೂ ಬೇರೆ ಬೇರೆ ವಾಹಿನಿ ತೆರೆದ ಮೇಲೆ ಶುರುವಾದ ಜಗಳ ಇದು. ಇದರ ಬೇರು ಮಾತ್ರ ಇನ್ನೂ ಹಳೆಯದು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಾದವು. ಆಡಳಿತ ತೆಲುಗಾಯಿತು, ಅಡುಗೆಮನೆಯ ಮಾತು ಕನ್ನಡವಾಗಿಯೇ ಉಳಿಯಿತು. ಹಾಗಾಗಿ ನಾವು ಎರಡೂ ಕಡೆಯ ಟಿವಿ ನೋಡುತ್ತೇವೆ.

ಎರಡನ್ನೂ ನೋಡುವವರಿಗೆ ಒಂದು ವಿಷಯ ಬೇಗ ಗೊತ್ತಾಗುತ್ತದೆ. ಪಂದ್ಯ ಒಂದೇ, ನಮ್ಮ ಮುಂದೆ ಬರುವ ಕಥೆ ಎರಡು. ತೆಲುಗು ವಾಹಿನಿಯಲ್ಲಿ ಸಿರಾಜ್ ಓಡಿಬಂದರೆ ದನಿ ಏರುತ್ತದೆ, ಕನ್ನಡದಲ್ಲಿ ರಾಹುಲ್ ಕವರ್ ಡ್ರೈವ್ ಹೊಡೆದರೆ. ತಮ್ಮ ನಾಡಿನ ಹುಡುಗನನ್ನು ಹೊಗಳುವುದರಲ್ಲಿ ತಪ್ಪೇನಿಲ್ಲ. ಆದರೆ ಯಾರು ನಮ್ಮವರು, ಯಾವುದು ಆಟ, ಯಾವ ಗೆಲುವಿಗೆ ಪಟಾಕಿ ಹೊಡೆಯಬೇಕು ಎಂಬುದೆಲ್ಲ ಹೀಗೆ ದಿನಾ ಕಿವಿಗೆ ಬಿದ್ದೇ ಮಕ್ಕಳಲ್ಲಿ ಗಟ್ಟಿಯಾಗುತ್ತದೆ. 2025ರ ನವೆಂಬರ್ ತಿಂಗಳು ಇದನ್ನು ನನಗೆ ಸ್ಪಷ್ಟವಾಗಿ ತೋರಿಸಿತು.

ನವೆಂಬರ್ 2ರ ಭಾನುವಾರ ನವಿ ಮುಂಬೈಯಲ್ಲಿ ಮಹಿಳಾ ಏಕದಿನ ವಿಶ್ವಕಪ್ ಫೈನಲ್. ಮಳೆಯಿಂದ ತಡವಾಗಿ ಶುರುವಾದ ಪಂದ್ಯವನ್ನು ಭಾರತ ಗೆದ್ದು ಮುಗಿಸುವಾಗ ನಡುರಾತ್ರಿ. ಆದೋನಿಯ ಹತ್ತಿ ಮಾರುಕಟ್ಟೆಯ ಹತ್ತಿರದ ಟೀ ಅಂಗಡಿಯಲ್ಲಿ ಸೋಮವಾರ ಬೆಳಿಗ್ಗೆ ಹಮಾಲಿಗಳು ಮೊಬೈಲ್ ಹಿಡಿದು ಹರ್ಮನ್‌ಪ್ರೀತ್ ಹಿಂದಕ್ಕೆ ಓಡಿ ಹಿಡಿದ ಆ ಕೊನೆಯ ಕ್ಯಾಚನ್ನು ಮತ್ತೆ ಮತ್ತೆ ನೋಡುತ್ತಿದ್ದರು. ತಂಡದಲ್ಲಿದ್ದ ಕಡಪ ಜಿಲ್ಲೆಯ ಶ್ರೀಚರಣಿಯ ಹೆಸರು ಎಲ್ಲರ ಬಾಯಲ್ಲಿ. ‘ಹೆಣ್ಮಕ್ಕಳಿಗೆ ಯಾತಕ್ಕೆ ಬೇಕು ಬ್ಯಾಟು’ ಎನ್ನುತ್ತಿದ್ದ ಊರಿನಲ್ಲಿ ಒಂದೇ ರಾತ್ರಿಗೆ ಮಾತು ಬದಲಾಗಿತ್ತು. ಎಂಟನೇ, ಒಂಬತ್ತನೇ ತರಗತಿಗೇ ಹೆಣ್ಣುಮಕ್ಕಳ ಓದು ಬಿಡಿಸಿ ಮದುವೆ ಮಾತೆತ್ತುವ, ಸುಗ್ಗಿಗೆ ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ ಗುಳೆ ಹೋಗುವ ಸೀಮೆ ನಮ್ಮದು. ಇಲ್ಲಿ ಅದು ಸಣ್ಣ ಬದಲಾವಣೆ ಅಲ್ಲ. ಪ್ರಸಾರಕ್ಕೆ ಅಂಥ ಶಕ್ತಿ ಇದೆ, ಅದನ್ನು ಮನಸಾರೆ ಒಪ್ಪುತ್ತೇನೆ.

ಸರಿಯಾಗಿ ಮೂರು ವಾರ ಕಳೆದು, ನವೆಂಬರ್ 23ರಂದು ಕೊಲಂಬೊದಲ್ಲಿ ಭಾರತದ ಹೆಣ್ಣುಮಕ್ಕಳು ಇನ್ನೊಂದು ವಿಶ್ವಕಪ್ ಗೆದ್ದರು. ಅಂಧ ಮಹಿಳೆಯರ ಮೊಟ್ಟಮೊದಲ ಟಿ20 ವಿಶ್ವಕಪ್ ಅದು. ಫೈನಲ್‌ನಲ್ಲಿ ನೇಪಾಳದ ವಿರುದ್ಧ 7 ವಿಕೆಟ್‌ಗಳ ಗೆಲುವು. ನಾಯಕಿ ದೀಪಿಕಾ ಟಿ.ಸಿ. ನಮ್ಮಂತೆಯೇ ಗಡಿಯವರು. ಅವರ ಊರು ಆಂಧ್ರದ ಶ್ರೀಸತ್ಯಸಾಯಿ ಜಿಲ್ಲೆಯ ಮಡಕಶಿರಾ ಸೀಮೆಯ ತಂಬಲಹಟ್ಟಿ. ಆಡುವುದು ಕರ್ನಾಟಕದ ಪರ. ನಕಾಶೆಯಲ್ಲಿ ಆ ಕಡೆ, ಬದುಕಿನಲ್ಲಿ ಈ ಕಡೆ ಇರುವ ನಮಗೆ ಅವರಿಗಿಂತ ಹತ್ತಿರದವರು ಯಾರು? ಆದರೂ ನನ್ನ ಬೀದಿಯಲ್ಲಿ ಅಂಥದೊಂದು ಟೂರ್ನಿ ನಡೆಯುತ್ತಿದೆ ಎಂದು ತಿಳಿದವರು ಇರಲಿಲ್ಲ. ದೆಹಲಿಯಲ್ಲಿ ಶುರುವಾಗಿ ಬೆಂಗಳೂರಿನಲ್ಲೂ ಪಂದ್ಯಗಳು ನಡೆದಿದ್ದವು. ಸುದ್ದಿ ಮಾತ್ರ ಕಪ್ ಕೈಗೆ ಬಂದ ಮೇಲೆ ಬಂತು.

ಬಂದ ಸುದ್ದಿಯಾದರೂ ಎಂಥದು? ಹಸುಗೂಸಾಗಿದ್ದಾಗ ಕಣ್ಣು ಹೋದದ್ದು, ಕೂಲಿ ಮಾಡುವ ಮನೆತನ, ಊರಿಗೆ ರಸ್ತೆ ಇಲ್ಲದಿರುವುದು, ಹಿನ್ನೆಲೆಯಲ್ಲಿ ಕರುಣೆಯ ಸಂಗೀತ. ನೇಪಾಳ ಎಷ್ಟು ರನ್ ಮಾಡಿತು, ನಮ್ಮವರು ಹೇಗೆ ಬೆನ್ನಟ್ಟಿದರು, ಫೂಲಾ ಸರೇನ್ ಔಟಾಗದೆ 44 ರನ್ ಹೊಡೆದು ಪಂದ್ಯಶ್ರೇಷ್ಠೆಯಾದದ್ದು ಹೇಗೆ ಎಂಬುದನ್ನು ನಾನು ಹುಡುಕಿ ಓದಬೇಕಾಯಿತು. ಆಟ ಗೆದ್ದವರ ಬಗ್ಗೆ ಆಟವೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದರು.

ಆಟವಾದರೋ ನೋಡಬೇಕಾದ್ದೇ. ಚೆಂಡು ಗಟ್ಟಿ ಪ್ಲಾಸ್ಟಿಕ್ಕಿನದು, ಒಳಗೆ ಸಣ್ಣ ಲೋಹದ ಗುಂಡುಗಳು. ಉರುಳಿದರೆ ಗಲಗಲ ಸದ್ದು. ಬೌಲರ್ ‘ರೆಡಿ?’ ಎಂದು ಕೇಳಬೇಕು, ಬ್ಯಾಟರ್ ‘ಯಸ್’ ಎನ್ನಬೇಕು, ‘ಪ್ಲೇ’ ಎನ್ನುತ್ತಲೇ ಕೈ ಕೆಳಗಿನಿಂದ ಚೆಂಡು ಬಿಡಬೇಕು. ಅದು ನೆಲಕ್ಕೆ ಅಂಟಿಕೊಂಡಂತೆ ಬರುತ್ತದೆ, ಬ್ಯಾಟರ್ ಮಂಡಿಯೂರಿ ಸ್ವೀಪ್ ಮಾಡುತ್ತಾರೆ. ಹನ್ನೊಂದು ಮಂದಿಯಲ್ಲಿ ಕನಿಷ್ಠ ನಾಲ್ವರು ಪೂರ್ತಿ ದೃಷ್ಟಿ ಇಲ್ಲದವರಿರಬೇಕು. ಅವರು ಹೊಡೆದ ಪ್ರತಿ ರನ್ನಿಗೂ ಎರಡರ ಲೆಕ್ಕ. ಹೀಗಾಗಿ ಅವರನ್ನು ಯಾವಾಗ ಬ್ಯಾಟಿಂಗ್‌ಗೆ ಇಳಿಸಬೇಕು ಎಂಬುದೇ ನಾಯಕಿಯ ದೊಡ್ಡ ಲೆಕ್ಕಾಚಾರ. ಫೀಲ್ಡರ್‌ಗಳು ಸದ್ದಿನ ಜಾಡು ಹಿಡಿದು ಡೈವ್ ಹೊಡೆಯುತ್ತಾರೆ. ಇಷ್ಟೂ ವಿವರ ತಿಳಿದು ನೋಡಿದವರಿಗೆ ‘ಪಾಪ’ ಎನ್ನುವ ಮಾತು ಬಾಯಿಗೆ ಬರಲಾರದು. ಅಬ್ಬಾ ಎನ್ನುತ್ತಾರೆ.

ದೀಪಿಕಾ ಡಿಸೆಂಬರ್‌ನಲ್ಲಿ ಆಂಧ್ರದ ಉಪಮುಖ್ಯಮಂತ್ರಿ ಪವನ್ ಕಲ್ಯಾಣ್ ಅವರನ್ನು ಕಂಡಾಗ ತಮ್ಮೂರಿಗೆ ರಸ್ತೆ ಕೇಳಿದರು. ಅದೇ ದಿನ ಮಂಜೂರಾತಿ ಸಿಕ್ಕಿತು. ಒಳ್ಳೆಯದೇ ಆಯಿತು. ಗಡಿ ಊರುಗಳ ರಸ್ತೆ ಹೇಗಿರುತ್ತದೆ ಎಂದು ಹೊಳಗುಂದ, ಕೌತಾಳಂ ಕಡೆ ಓಡಾಡುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅಂದಿನಿಂದ ಅವರು ‘ರಸ್ತೆ ತಂದ ಹುಡುಗಿ’ ಆದರು. ವಿಶ್ವಕಪ್ ಗೆದ್ದ ನಾಯಕಿ ಎಂಬುದು ಹಿಂದೆ ಸರಿಯಿತು. ಕಪಿಲ್ ದೇವ್ ಅವರನ್ನು, ಹರ್ಮನ್‌ಪ್ರೀತ್ ಅವರನ್ನು ನಾವು ಹಾಗೆ ನೆನೆಯುವುದಿಲ್ಲವಲ್ಲ.

ಟಿವಿಯ ಈ ರೀತಿ ನಮಗೆ ಹೊಸದಲ್ಲ. ಹೊಳಗುಂದ ಮಂಡಲದ ದೇವರಗಟ್ಟಿಗೆ ಟಿವಿಯವರು ವರ್ಷಕ್ಕೊಮ್ಮೆ, ದಸರೆಯ ರಾತ್ರಿ ಬರುತ್ತಾರೆ. ಮಾಳಮ್ಮ ಮಲ್ಲೇಶ್ವರರ ಉತ್ಸವಮೂರ್ತಿಗಾಗಿ ನಡೆಯುವ ಬಡಿಗೆಯ ಬಡಿದಾಟ, ಒಡೆದ ತಲೆಗಳು, ಆಸ್ಪತ್ರೆಯ ಲೆಕ್ಕ ಇಷ್ಟನ್ನು ತೋರಿಸಿ ಹೋಗುತ್ತಾರೆ. ತಲೆ ಒಡೆಯುವುದು ನಿಲ್ಲಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಉಳಿದ 364 ದಿನ ನಮ್ಮ ಸೀಮೆ ಯಾರ ಕಣ್ಣಿಗೂ ಬೀಳದಿದ್ದರೆ, ಹೊರಗಿನವರ ಪಾಲಿಗೆ ನಾವು ಬಡಿಗೆ ಹಿಡಿದವರಾಗಿಯೇ ಉಳಿಯುತ್ತೇವೆ.

ಹಿಂದೆ ರೇಡಿಯೊ ಇದ್ದಾಗ ಹೀಗಿರಲಿಲ್ಲ. 1971ರ ಆಗಸ್ಟ್‌ನಲ್ಲಿ ಓವಲ್‌ನಲ್ಲಿ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದಾಗ, ಕೇಳುವವರಿಗೆ ಸಿಕ್ಕಿದ್ದು ಚೆಂಡು, ವಿಕೆಟ್, ಸ್ಕೋರು. ಪೋಲಿಯೊ ಬಡಿದ ಕೈ ಎಂದು ಎಲ್ಲರಿಗೂ ಗೊತ್ತಿತ್ತು. ಆ ಕೈಯಿಂದ ಬಂದ ಗೂಗ್ಲಿಯ ಮಾತೇ ಮುಂದಿತ್ತು. ಅಭಿಮಾನ ಹುಟ್ಟಿದ್ದು ಆಟದಿಂದ.

ಅಂಧರ ಕ್ರಿಕೆಟ್ಟಿಗೂ ಅಂಥ ಕಾಮೆಂಟರಿ ಬೇಕು. ರಾಷ್ಟ್ರೀಯ ಮಹತ್ವದ ಪಂದ್ಯಗಳ ನೇರಪ್ರಸಾರವನ್ನು ಖಾಸಗಿಯವರು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕು ಎಂಬ ಕಾನೂನು 2007ರಲ್ಲೇ ಬಂದಿದೆ. ದುಡ್ಡು ಕಟ್ಟದೆ ಡಿಡಿ ಫ್ರೀ ಡಿಶ್‌ನಲ್ಲಿ ಭಾರತದ ಪಂದ್ಯಗಳು ಸಿಗುವುದು ಆ ಕಾನೂನಿನಿಂದಲೇ. ಯಾವ ಆಟಕ್ಕೆ ರಾಷ್ಟ್ರೀಯ ಮಹತ್ವ ಇದೆ ಎಂದು ಗೊತ್ತು ಮಾಡುವ ಅಧಿಕಾರ ಕೇಂದ್ರ ಸರ್ಕಾರದ್ದು. ದೀಪಿಕಾ ತಂಡದ ಮುಂದಿನ ವಿಶ್ವಕಪ್ ಅಂಥ ಆಟಗಳ ಪಟ್ಟಿಯಲ್ಲಿ ಇರಬೇಕು. ಜೊತೆಗೆ ಆಕಾಶವಾಣಿಯ ರಾಯಚೂರು, ಹೊಸಪೇಟೆ, ಕರ್ನೂಲು ಕೇಂದ್ರಗಳು ಕನ್ನಡದಲ್ಲೂ ತೆಲುಗಿನಲ್ಲೂ ಕಾಮೆಂಟರಿ ಕೊಡಲಿ. ಸದ್ದಿನ ಮೇಲೆ ನಿಂತ ಆಟ ಇದು, ರೇಡಿಯೊಗೆ ಹೇಳಿ ಮಾಡಿಸಿದ್ದು. ಕಣ್ಣು ಕಾಣದ ಮಕ್ಕಳೂ ಉಳಿದವರ ಜೊತೆ ಕೂತು ಸಮಸಮವಾಗಿ ಪಂದ್ಯ ಹಿಂಬಾಲಿಸಬಹುದು, ತಂಡ ಯಾಕೆ ಸೋತಿತು ಎಂದು ವಾದಕ್ಕೂ ಇಳಿಯಬಹುದು.