ಹೊಸದಾಗಿ ಕೂಡಿಸಿದ ಜೇನು ಪೆಟ್ಟಿಗೆ ಬಿಟ್ಟು ಹೋಗುವುದೇಕೆ?

ನೀವು ತುಡುವೆ ಜೇನನ್ನು ಪೆಟ್ಟಿಗೆಯಲ್ಲಿ ಕೂಡಿಸಿದ್ದೀರಿ. ನಾಲ್ಕಾರು ದಿನ ನೊಣಗಳು ಚೆನ್ನಾಗಿಯೇ ಹಾರಾಡಿದವು. ಒಂದು ಮಧ್ಯಾಹ್ನ ಎಲ್ಲವೂ ಎದ್ದು ಹೋದವು. ಪೆಟ್ಟಿಗೆಯಲ್ಲಿ ಬರಿದಾದ ಎರಿ ಮಾತ್ರ ಉಳಿಯಿತು. ಇಷ್ಟಕ್ಕೇ ಬೇಸತ್ತು ಪೆಟ್ಟಿಗೆಯನ್ನು ಅಟ್ಟಕ್ಕೇರಿಸಿದವರುಂಟು. ಕಟ್ಟಿಗೆಯ ವಾಸನೆ ಆಗಿಬರಲಿಲ್ಲವೆಂದು ದೂರುವುದೂ ಉಂಟು. ಹಸಿ ಬಣ್ಣದ ವಾಸನೆ ನೊಣಕ್ಕೆ ಸೇರದೆಂಬುದು ನಿಜ. ಆದರೆ ಸಾಧಾರಣವಾಗಿ ಕಾರಣ ಬೇರೆಯೇ ಇರುತ್ತದೆ.

ಹೂವು ಹೇರಳವಾಗಿದ್ದು ಕುಟುಂಬ ಬಲಿತಾಗ ಹಳೆಯ ರಾಣಿ ಒಂದು ಪಾಲು ನೊಣಗಳೊಡನೆ ಹೊರಡುತ್ತದೆ, ಉಳಿದವು ಅಲ್ಲಿಯೇ ಇರುತ್ತವೆ. ಇದು ಪಾಲಾಗುವುದು. ಇಡೀ ಕುಟುಂಬವೇ ಮನೆ ಬಿಡುವುದು ಪಲಾಯನ. ಈ ಸ್ವಭಾವ ಯುರೋಪಿನ ಮೆಲ್ಲಿಫೆರಾ ಜೇನಿಗಿಂತ ನಮ್ಮ ತುಡುವೆಯಲ್ಲಿ ಹೆಚ್ಚು.

ನೊಣವನ್ನು ಪೆಟ್ಟಿಗೆಯಲ್ಲಿ ಹಿಡಿದಿಡುವುದು ಮರಿ. ಎರಿಯಲ್ಲಿ ಮೊಟ್ಟೆ, ಹುಳು ಇರುವವರೆಗೆ ಕೆಲಸಗಾರ ನೊಣಗಳು ಸುಲಭವಾಗಿ ಜಾಗ ಬಿಡುವುದಿಲ್ಲ. ಪೊಟರೆಯಿಂದ ಜೇನು ಹಿಡಿಯುವಾಗ ತುಪ್ಪದ ಆಸೆಗೆ ಎರಿಗಳನ್ನೆಲ್ಲ ಕಿತ್ತು, ಬರೀ ನೊಣಗಳನ್ನು ಪೆಟ್ಟಿಗೆಗೆ ಸುರಿದರೆ ಅವುಗಳಿಗೆ ಅಲ್ಲಿ ನಿಲ್ಲಲು ಕಾರಣವೇ ಇಲ್ಲ. ಮರಿ ಇರುವ ಎರಿಯನ್ನು ಒಡೆಯದಂತೆ ಕೊಯ್ದು, ಮೇಲಿನ ಬದಿ ಮೇಲೆಯೇ ಬರುವಂತೆ ಚೌಕಟ್ಟಿಗೆ ಬಾಳೆ ನಾರಿನಿಂದ ಕಟ್ಟಿರಿ. ನೊಣಗಳು ಮೇಣ ಹಾಕಿ ತಾವೇ ಅಂಟಿಸಿಕೊಳ್ಳುತ್ತವೆ. ರೋಗವಿಲ್ಲದ ಇನ್ನೊಂದು ಕುಟುಂಬವಿದ್ದರೆ ಅದರಿಂದ ಒಂದು ಮರಿ ಎರಿ ಕೊಡಬಹುದು.

ಇನ್ನೊಂದು ತಪ್ಪು ಕಾಲದ್ದು. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಎರೆ ಹೊಲಗಳಲ್ಲಿ ಹಿಂಗಾರಿಯ ಕುಸುಬೆ, ಸೂರ್ಯಕಾಂತಿ ಹೂಬಿಟ್ಟಾಗ ನೊಣಕ್ಕೆ ಸುಗ್ಗಿ. ಬಿಳಿಜೋಳ ಪರಾಗ ಕೊಡುತ್ತದೆಯೇ ಹೊರತು ಮಕರಂದ ಕೊಡುವುದಿಲ್ಲ. ರಾಶಿ ಮುಗಿದ ಮೇಲೆ ಹೊಲ ಬರಿದು; ಬೇವು, ಹೊಂಗೆ ಹೂಬಿಡುವವರೆಗೆ ನೊಣಕ್ಕೆ ಉಪವಾಸ. ಅದೇ ಹೊತ್ತಿಗೆ ಪೆಟ್ಟಿಗೆ ತಂದಿಟ್ಟರೆ ಕುಟುಂಬ ನಿಲ್ಲುವುದು ಕಷ್ಟ. ಮಲೆನಾಡಿನ ಸೆರಗಿಗೆ ಹತ್ತಿರವಾದ ಕಿತ್ತೂರಿನ ಕಡೆ ಗಿಡಮರಗಳ ಆಸರೆ ತುಸು ಹೆಚ್ಚು. ಉಳಿದ ಕಡೆ ಹಿಂಗಾರಿ ಹೂವಿಗೆ ಮುಂಚೆ, ಅಕ್ಟೋಬರ್ ಸುಮಾರಿಗೆ ಕೂಡಿಸುವುದು ಲೇಸು.

ಪರಾಗ ಬರುವುದು ನಿಂತರೆ ರಾಣಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ. ಇದ್ದ ಮರಿ ಸುಮಾರು ಮೂರು ವಾರಗಳಲ್ಲಿ ನೊಣವಾಗಿ ಹೊರಬರುತ್ತದೆ. ಆಮೇಲೆ ಕುಟುಂಬ ಹೊರಡಲು ಸಿದ್ಧ. ಆದ್ದರಿಂದ ನೊಣಗಳು ಕಾಲಿಗೆ ಪರಾಗದ ಉಂಡೆ ಕಟ್ಟಿಕೊಂಡು ಬರುತ್ತಿವೆಯೇ ಎಂದು ಬಾಗಿಲಲ್ಲಿ ನಿಂತು ನೋಡಿರಿ. ಬರುವುದು ಕಡಿಮೆಯಾಗಿ ಎರಿಯಲ್ಲಿ ತುಪ್ಪವೂ ಇಲ್ಲದಿದ್ದರೆ, ಸಕ್ಕರೆ ಮತ್ತು ನೀರು ಸಮಭಾಗ ಬೆರೆಸಿದ ಪಾಕವನ್ನು ಸಂಜೆ ಪೆಟ್ಟಿಗೆಯ ಒಳಗೇ ಇಡಿರಿ. ಹೊರಗೆ ಚೆಲ್ಲಿದರೆ ಇರುವೆ ಬರುತ್ತದೆ.

ಬಾಗಿಲಿಗೆ ರಾಣಿ ತಡೆ ಹಾಕಿದರೆ ಸಾಕೆಂದು ನಂಬಬೇಡಿರಿ. ಮೊದಲ ನಾಲ್ಕೈದು ದಿನಕ್ಕೆ ಅದು ಉಪಯುಕ್ತ. ಆದರೆ ರಾಣಿ ಇನ್ನೂ ಗಂಡಿನೊಡನೆ ಕೂಡದಿದ್ದರೆ, ತಡೆಯಿಂದ ಹೊರಹೋಗಲಾಗದೆ ಕುಟುಂಬವೇ ಹಾಳಾದೀತು.

ಪೆಟ್ಟಿಗೆ ಮರದ ನೆರಳಿನಲ್ಲಿರಲಿ, ಸಮೀಪದಲ್ಲಿ ನೀರಿರಲಿ, ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿರಿ. ಬಂದ ಬೀಗರಿಗೆಲ್ಲ ತೆರೆದು ತೋರಿಸುವ ಚಪಲ ಬೇಡ.

ಇಷ್ಟಾದರೂ ನೊಣ ಹೋದರೆ ಅದೇ ದಿನ ಎರಿ ನೋಡಿರಿ. ಸತ್ತ ಹುಳು ನೀರು ತುಂಬಿದ ಚೀಲದಂತಿದ್ದರೆ, ಅದು 1991-92ರಲ್ಲಿ ತುಡುವೆ ಕುಟುಂಬಗಳನ್ನು ಭಾರಿಯಾಗಿ ನಾಶಮಾಡಿದ ಥಾಯ್ ಸ್ಯಾಕ್‌ಬ್ರೂಡ್ ರೋಗವಿರಬಹುದು. ಆ ಎರಿಯನ್ನು ಸುಟ್ಟುಬಿಡಿರಿ. ರೋಗವಿಲ್ಲದ ಎರಿಯನ್ನು ಮೇಣದ ಚಿಟ್ಟೆ ಹೊಗುವ ಮೊದಲೇ ಕರಗಿಸಿ ಮೇಣ ತೆಗೆದಿಡಿರಿ.